ಮೆಡಿಕಲ್ ಸೀಟಿಗೆ ಮೊದಲು ಆನ್‌ಲೈನ್ ಬಯೋಮೆಡಿಕಲ್ ಮಾಸ್ಟರ್ಸ್: ಸೇರುವ ಮುನ್ನ ಮಾಡಬೇಕಾದ ಲೆಕ್ಕ

ಅಮೆರಿಕದಲ್ಲಿ ಪದವಿ ಮುಗಿಸಿ, ಮೆಡಿಕಲ್ ಕಾಲೇಜಿಗೆ ಅಂಕ ಸಾಲದೆ ಹೋದವರಿಗೆ ಆನ್‌ಲೈನ್ ಬಯೋಮೆಡಿಕಲ್ ಸೈನ್ಸ್ ಮಾಸ್ಟರ್ಸ್ ಒಂದು ದಾರಿ. ಎಲ್ಲರಿಗೂ ಅಲ್ಲ. ಶುಲ್ಕ ಕಟ್ಟುವ ಮೊದಲು ಕಾಗದ ಪೆನ್ನು ಹಿಡಿದು ಕೂರಿ.

120 ಕ್ರೆಡಿಟ್‌ಗೆ ನಿಮ್ಮ ಜಿಪಿಎ (4.0ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) 3.1 ಎಂದುಕೊಳ್ಳಿ. ಮಾಸ್ಟರ್ಸ್‌ನ 30 ಕ್ರೆಡಿಟ್‌ಗೂ 4.0 ಬಂದರೂ ಆ 3.1 ಕದಲುವುದಿಲ್ಲ. ಅಮೆರಿಕದ ಬಹುತೇಕ ಎಂ.ಡಿ. (ಅಲ್ಲಿನ ವೈದ್ಯ ಪದವಿ) ಕಾಲೇಜುಗಳ ಅರ್ಜಿ ಹೋಗುವ ಕೇಂದ್ರ ವ್ಯವಸ್ಥೆಯಾದ ಆಮ್‌ಕ್ಯಾಸ್, ಪದವಿಯ ಜಿಪಿಎ ಮತ್ತು ಮಾಸ್ಟರ್ಸ್ ಜಿಪಿಎಯನ್ನು ಬೇರೆ ಬೇರೆ ಸಾಲಿನಲ್ಲಿ ತೋರಿಸುತ್ತದೆ. ಅದೇ 30 ಕ್ರೆಡಿಟ್ಟನ್ನು ಪೋಸ್ಟ್‌ಬ್ಯಾಕ್, ಅಂದರೆ ಪದವಿ ಮುಗಿದ ಮೇಲೆ ಓದುವ ಪದವಿ ಮಟ್ಟದ ಕೋರ್ಸುಗಳಾಗಿ ಓದಿ 4.0 ತಂದರೆ ಪದವಿಯ ಜಿಪಿಎ 3.28 ಆಗುತ್ತದೆ. ಹಾಗಾಗಿ ಜಿಪಿಎ 3.0ರ ಆಸುಪಾಸಿನಲ್ಲಿದ್ದರೆ ಮೊದಲು ಪೋಸ್ಟ್‌ಬ್ಯಾಕ್ ನೋಡಿ ಎನ್ನುವುದು ನಮ್ಮ ಸಲಹೆ. ಒಟ್ಟು ಜಿಪಿಎ ಪರವಾಗಿಲ್ಲ, ವಿಜ್ಞಾನದ ವಿಷಯಗಳಲ್ಲೇ ಪೆಟ್ಟು ಬಿದ್ದಿದೆ ಎಂಬವರಿಗೆ ಮಾಸ್ಟರ್ಸ್ ಹೊಂದುತ್ತದೆ. ಎಂಕ್ಯಾಟ್ (ಅಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ) ಸ್ಕೋರು ಕಡಿಮೆ ಇರುವುದಕ್ಕೆ ಇದು ಮದ್ದಲ್ಲ. ಆ ಸಮಯವನ್ನು ಎಂಕ್ಯಾಟ್‌ಗೇ ಕೊಡಿ.

ಕೋರ್ಸ್ ಆರಿಸುವಾಗ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಅಮೆರಿಕದ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಪರಿಶೀಲಿಸಿ. ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಇಮ್ಯುನಾಲಜಿ, ಹಿಸ್ಟಾಲಜಿಯಂಥ ಗಟ್ಟಿ ವಿಷಯಗಳಿರಬೇಕು, ಅವಕ್ಕೆ ಪಾಸ್-ಫೇಲ್ ಅಲ್ಲದೆ ಎ, ಬಿ ಗ್ರೇಡ್ ಸಿಗಬೇಕು. ಲ್ಯಾಬ್ ವಿಷಯದಲ್ಲಿ ಎಡವುವವರು ಬಹಳ: ಆನ್‌ಲೈನ್ ಲ್ಯಾಬನ್ನು ಎಲ್ಲ ಮೆಡಿಕಲ್ ಕಾಲೇಜುಗಳೂ ಒಪ್ಪುವುದಿಲ್ಲ. ನೀವು ಅರ್ಜಿ ಹಾಕಲಿರುವ ಕಾಲೇಜುಗಳಿಗೆ ಈಗಲೇ ಇಮೇಲ್ ಮಾಡಿ ಕೇಳಿ, ಉತ್ತರವನ್ನು ಜೋಪಾನ ಮಾಡಿಟ್ಟುಕೊಳ್ಳಿ.

ಸೇರಿದ ಮೇಲೆ ಬಿ ಗ್ರೇಡುಗಳ ಸಾಲು ಬಂದರೆ ನಷ್ಟವೇ. ಮೆಡಿಕಲ್ ಓದಿನ ಭಾರ ಹೊರಬಲ್ಲೆ ಎಂದು ತೋರಿಸಲು ಸೇರಿದವರ ಕೈಯಿಂದಲೇ ಅದಕ್ಕೆ ವಿರುದ್ಧದ ಸಾಕ್ಷಿ ಸಿಕ್ಕಂತಾಗುತ್ತದೆ. ಅದಕ್ಕೇ ಪೂರ್ಣಾವಧಿ ಕೆಲಸದ ಜೊತೆ ಹೆಚ್ಚು ವಿಷಯ ತೆಗೆದುಕೊಳ್ಳಬೇಡಿ, ಎಂಕ್ಯಾಟನ್ನೂ ಅದೇ ಸೆಮಿಸ್ಟರಿಗೆ ತುರುಕಬೇಡಿ. ಇನ್ನು ಶಿಫಾರಸು ಪತ್ರ: ರೆಕಾರ್ಡ್ ಮಾಡಿದ ಪಾಠ ಮಾತ್ರ ನೋಡುವ ವಿದ್ಯಾರ್ಥಿಯ ಬಗ್ಗೆ ಮೇಷ್ಟ್ರು ಬರೆಯುವುದಾದರೂ ಏನನ್ನು? ಮೊದಲ ತಿಂಗಳಿಂದಲೇ ಅವರ ಆಫೀಸ್ ಅವರ್ಸ್‌ಗೆ ಹೋಗಿ, ಕ್ಯಾಮೆರಾ ಹಾಕಿಕೊಂಡು ಪ್ರಶ್ನೆ ಕೇಳಿ.

ಆಗಸ್ಟ್‌ನಲ್ಲಿ ಸೇರಿ ಮೇ ತಿಂಗಳಲ್ಲಿ ಮುಗಿಸಿದರೆ, ಜೂನ್‌ನಲ್ಲಿ ಪೂರ್ತಿ ವರ್ಷದ ಗ್ರೇಡಿನೊಂದಿಗೆ ಅರ್ಜಿ ಹಾಕಬಹುದು. ಮೆಡಿಕಲ್ ತರಗತಿ ಶುರುವಾಗುವುದು ಮುಂದಿನ ವರ್ಷ. ನಡುವಿನ ಆ ವರ್ಷಕ್ಕೆ ಕ್ಲಿನಿಕ್‌ನಲ್ಲೋ ಸಂಶೋಧನೆಯಲ್ಲೋ ಕೆಲಸ ಹುಡುಕಿಕೊಳ್ಳಿ.

ದುಡ್ಡಿನ ವಿಚಾರ. ಮಾಸ್ಟರ್ಸ್‌ಗೆ ಫೆಡರಲ್ (ಅಮೆರಿಕ ಸರ್ಕಾರದ) ಸಾಲ ವರ್ಷಕ್ಕೆ ಹೆಚ್ಚೆಂದರೆ 20,500 ಡಾಲರ್. ಅದಕ್ಕೂ ಮೇಲಿನ ಖರ್ಚಿಗೆ ಸಿಗುತ್ತಿದ್ದ ಗ್ರ್ಯಾಡ್ ಪ್ಲಸ್ ಎಂಬ ಫೆಡರಲ್ ಸಾಲ 2026ರ ಜುಲೈ 1ರಿಂದ ಹೊಸಬರಿಗಿಲ್ಲ. ಎಚ್-4 ವೀಸಾದವರು (ಎಚ್-1ಬಿಯಂಥ ಕೆಲಸದ ವೀಸಾದವರ ಸಂಗಾತಿ, ಮಕ್ಕಳು) ಓದಬಹುದು, ಫೆಡರಲ್ ಸಾಲ ಮಾತ್ರ ಸಿಗದು.

ಕರ್ನಾಟಕದಿಂದ ಯೋಚಿಸುತ್ತಿರುವವರಿಗೆ: ಪೂರ್ತಿ ಆನ್‌ಲೈನ್ ಕೋರ್ಸಿನ ಮೇಲೆ ಎಫ್-1 ವಿದ್ಯಾರ್ಥಿ ವೀಸಾ ಸಿಗುವುದಿಲ್ಲ. ಇಲ್ಲಿನ ಬಿ.ಎಸ್ಸಿ. ಅಂಕಗಳನ್ನು ಆಮ್‌ಕ್ಯಾಸ್ ಜಿಪಿಎಗೆ ಸೇರಿಸುವುದಿಲ್ಲ. ಭಾರತದಲ್ಲೇ ಎಂಬಿಬಿಎಸ್ ಓದುವುದಾದರೆ ದಾರಿ ನೀಟ್ ಒಂದೇ, ಈ ಪದವಿಗೆ ಅಲ್ಲಿ ಯಾವ ತೂಕವೂ ಇಲ್ಲ.