ಬಿದರಿ ಹೂದಾನಿ ಪರದೆಯ ಮೇಲೆ ಮೂಡುವ ಬಗೆ: ಸ್ಲೈಡ್‌ಗೆ ನಮ್ಮದೇ ಪ್ರವೇಶ ಅನಿಮೇಷನ್

ಲೋಹದ ವಸ್ತುವಿನ ಮೇಲೆ ಗೆರೆ ಕೊರೆದು ಬೆಳ್ಳಿ ಕೂರಿಸುವ ಬೀದರ್‌ನ ಬಿದರಿ ಕಲೆಯನ್ನು ಸ್ಲೈಡ್‌ಗಳಲ್ಲಿ ವಿವರಿಸುವ ವಿದ್ಯಾರ್ಥಿಗಳು ಚಿತ್ರವನ್ನು ಗಿರಗಿರನೆ ತಿರುಗಿಸಿ ತರುವ ಬದಲು, ಕುಶಲಕರ್ಮಿಯ ಕೈಕೆಲಸದ ಕ್ರಮದಲ್ಲಿಯೇ ಅದನ್ನು ಪರದೆಗೆ ತಂದರೆ ನೋಡುವವರಿಗೆ ಕಲೆಯ ಮರ್ಮ ತಾನಾಗಿಯೇ ತಿಳಿಯುತ್ತದೆ. ಪವರ್‌ಪಾಯಿಂಟ್‌ನ ಸಿದ್ಧ ಪರಿಣಾಮಗಳನ್ನು ಒಂದರೊಡನೊಂದು ಬೆರೆಸಿದರೆ ಇದು ಸಾಧ್ಯ.

ಮೊದಲು ಒಂದೇ ಅಳತೆಯ ಎರಡು ಚಿತ್ರಗಳಿರಲಿ: ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಎರಕ ಹೊಯ್ದ ಬೂದುಬಣ್ಣದ ಹೂದಾನಿ ಕೆಳಗೆ, ಕಪ್ಪಾದ ಹೂದಾನಿ ಅದರ ಮೇಲೆ. ಬೆಳ್ಳಿಯ ಬಳ್ಳಿಯನ್ನು ಫ್ರೀಫಾರ್ಮ್ ರೇಖೆಯಿಂದ (ಬೇಕಾದ ಆಕಾರವನ್ನು ಕೈಯಾರೆ ಎಳೆಯುವ ಸಾಧನ) ಬರೆದು ಎಲ್ಲಕ್ಕಿಂತ ಮೇಲಿಡಬೇಕು. ಆಲ್ಟ್ ಮತ್ತು ಎಫ್10 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಸೆಲೆಕ್ಷನ್ ಪೇನ್‌ನಲ್ಲಿ ಮೂರಕ್ಕೂ ಹೆಸರು ಕೊಟ್ಟುಬಿಡಿ, ಮುಂದೆ ಗೊಂದಲವಾಗದು.

ಬೂದು ಹೂದಾನಿಯನ್ನು ಆರಿಸಿ, ಅನಿಮೇಷನ್ಸ್ ಟ್ಯಾಬ್‌ನಲ್ಲಿ ಎಂಟ್ರೆನ್ಸ್ ಗುಂಪಿನ ಫೇಡ್ ಕೊಡಿ. ಎರಡನೆಯ ಪರಿಣಾಮವನ್ನು ಕಡ್ಡಾಯವಾಗಿ ಆ್ಯಡ್ ಅನಿಮೇಷನ್ ಗುಂಡಿಯಿಂದಲೇ ಸೇರಿಸಬೇಕು; ಗ್ಯಾಲರಿಯಿಂದ ನೇರವಾಗಿ ಆರಿಸಿದರೆ ಮೊದಲನೆಯದು ಅಳಿದುಹೋಗುತ್ತದೆ. ಅಲ್ಲಿ ಮೋಷನ್ ಪಾತ್‌ಗಳ (ಚಿತ್ರ ಸಾಗುವ ದಾರಿಗಳ) ಪೈಕಿ ಲೈನ್ಸ್ ಆಯ್ದುಕೊಳ್ಳಿ. ಅದು ಚಿತ್ರವನ್ನು ಇದ್ದಲ್ಲಿಂದ ಕೆಳಕ್ಕೆ ಒಯ್ಯುತ್ತದೆ. ನಮಗೆ ಬೇಕಾದದ್ದು ಕೆಳಗಿನಿಂದ ಬಂದು ತನ್ನ ಜಾಗದಲ್ಲಿ ನಿಲ್ಲುವುದು. ಎಫೆಕ್ಟ್ ಆಪ್ಷನ್ಸ್‌ನಲ್ಲಿ ರಿವರ್ಸ್ ಪಾತ್ ಡೈರೆಕ್ಷನ್ ಒತ್ತಿದರೆ ದಿಕ್ಕು ತಿರುಗುತ್ತದೆ. ಹಸಿರು ತುದಿ ಆರಂಭ, ಕೆಂಪು ತುದಿ ಕೊನೆ. ಹಸಿರು ತುದಿಯನ್ನು ಎಳೆದು ದಾರಿಯನ್ನು ಗಿಡ್ಡಗೊಳಿಸಿ, ಏಕೆಂದರೆ ಸಣ್ಣ ಚಲನೆಯೇ ಗಂಭೀರವಾಗಿ ಕಾಣುತ್ತದೆ. ಫೇಡ್‌ಗೆ ಆನ್ ಕ್ಲಿಕ್, ಲೈನ್ಸ್‌ಗೆ ವಿತ್ ಪ್ರೀವಿಯಸ್ (ಹಿಂದಿನದರ ಜೊತೆಗೇ), ಎರಡಕ್ಕೂ 1 ಸೆಕೆಂಡ್ ಅವಧಿ ಇಟ್ಟಾಗ ಅವು ಒಂದೇ ಪ್ರವೇಶವಾಗಿ ಬೆಸೆಯುತ್ತವೆ.

ಬಳ್ಳಿಗೆ ವೈಪ್ ಸಾಕು. ದಿಕ್ಕನ್ನು ಫ್ರಮ್ ಬಾಟಮ್ ಎಂದು ಇಟ್ಟು, ಆನ್ ಕ್ಲಿಕ್ ಆರಿಸಿ, ಅವಧಿಯನ್ನು 3 ಸೆಕೆಂಡ್‌ಗೆ ಹೆಚ್ಚಿಸಿದರೆ ಉಳಿಯಿಂದ ಕೊರೆದ ಗೆರೆಗೆ ಬೆಳ್ಳಿ ತಂತಿ ಕೂರುತ್ತಾ ಸಾಗಿದಂತೆ ಕಾಣುತ್ತದೆ.

ಈಗ ಮುಖ್ಯ ಘಟ್ಟ. ಉಜ್ಜಿ ಹೊಳಪು ಕೊಟ್ಟ ಲೋಹದ ಮೇಲೆ ಬೆಳ್ಳಿ ಅಷ್ಟಾಗಿ ಎದ್ದು ಕಾಣುವುದಿಲ್ಲ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ಮಿಶ್ರಣ ತಾಗಿದ ಮೇಲೆ ಲೋಹ ಮಾತ್ರ ಕಪ್ಪಾಗಿ, ಬೆಳ್ಳಿ ತನ್ನ ಬಣ್ಣವನ್ನು ಉಳಿಸಿಕೊಳ್ಳುತ್ತದೆ. ಕಪ್ಪು ಹೂದಾನಿಗೆ ಆನ್ ಕ್ಲಿಕ್‌ನೊಂದಿಗೆ 2 ಸೆಕೆಂಡ್‌ಗಳ ಫೇಡ್ ಕೊಡಿ. ಬಳ್ಳಿ ಎಲ್ಲಕ್ಕಿಂತ ಮೇಲಿರುವುದರಿಂದ ಅದು ಬದಲಾಗದೆ ನಿಂತು, ಅದರ ಹಿಂದೆ ಲೋಹವಷ್ಟೇ ಕಪ್ಪಾಗುತ್ತದೆ. ಈ ಹಂತವನ್ನು ಆಫ್ಟರ್ ಪ್ರೀವಿಯಸ್‌ಗೆ (ಹಿಂದಿನದು ಮುಗಿದೊಡನೆ ತಾನಾಗಿಯೇ ಶುರುವಾಗುವುದಕ್ಕೆ) ಬಿಡಬಾರದು. ವಿವರಿಸುವವರು ಮಾತು ಮುಗಿಸಿದ ಮೇಲೆಯೇ ಬಣ್ಣ ಬದಲಾಗಬೇಕು.

ಕ್ರಮ ತಪ್ಪಿದ್ದರೆ ಅನಿಮೇಷನ್ ಪೇನ್‌ನಲ್ಲಿ ಸಾಲುಗಳನ್ನು ಎಳೆದು ಸರಿಪಡಿಸಿ, ಶಿಫ್ಟ್ ಮತ್ತು ಎಫ್5 ಒತ್ತಿ ಅದೇ ಸ್ಲೈಡ್‌ನಿಂದ ಪರೀಕ್ಷಿಸಿ. ಹುಕ್ಕಾ, ತಟ್ಟೆ, ಡಬ್ಬಿಗಳ ಸ್ಲೈಡ್‌ಗಳೂ ಇದ್ದರೆ ಅನಿಮೇಷನ್ ಪೇಂಟರ್‌ನಿಂದ ಈ ಜೋಡಣೆಯನ್ನು ಅವುಗಳಿಗೂ ನಕಲು ಮಾಡಬಹುದು. ಪಿಡಿಎಫ್ ಆಗಿ ಉಳಿಸಿದ ಕಡತದಲ್ಲಿ ಈ ಚಲನೆ ಯಾವುದೂ ಇರುವುದಿಲ್ಲವಾದ್ದರಿಂದ, ಸಭಾಂಗಣಕ್ಕೆ ಒಯ್ಯುವ ಪೆನ್‌ಡ್ರೈವ್‌ನಲ್ಲಿ ಮೂಲ ಪವರ್‌ಪಾಯಿಂಟ್ ಕಡತವೇ ಇರಲಿ.