ಹಳೆಯ ಕಾರಿನ ಸದ್ದು: ‘ಎಲ್ಲಿ’ಗಿಂತ ಮೊದಲು ‘ಯಾವಾಗ’

ಹಳೆಯ ಕಾರು ಹೊಸ ಸದ್ದು ಮಾಡಿದ ಕೂಡಲೇ ಸ್ಪ್ಯಾನರ್ ಎತ್ತಿಕೊಳ್ಳಬೇಡಿ. ಎರಕದ ಕಬ್ಬಿಣದ ಎಂಜಿನ್ನಿನಲ್ಲಿ ಸದ್ದು ಬಹುದೂರ ಹರಿಯುವುದರಿಂದ ಕಿವಿ ತೋರಿಸುವ ಜಾಗವನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಅದು ಯಾವಾಗ ಹುಟ್ಟುತ್ತದೆ, ಯಾವಾಗ ಅಡಗುತ್ತದೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳುತ್ತೇನೆ.

ಖಾಲಿ ರಸ್ತೆಯಲ್ಲಿ ಸಾಧಾರಣ ವೇಗದಲ್ಲಿ ಹೋಗುತ್ತಾ ನ್ಯೂಟ್ರಲ್‌ಗೆ ತನ್ನಿ; ಎಂಜಿನ್ ಆರಿಸಬೇಡಿ. ಎಂಜಿನ್ ನಿಧಾನವಾದರೂ ಸದ್ದು ಗಾಡಿಯ ವೇಗದೊಂದಿಗೇ ಉಳಿದರೆ ಚಕ್ರ, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ದಂಡ) ಅಥವಾ ಹಿಂದಿನ ಆಕ್ಸಲ್ ಕಡೆ ನೋಡಿ. ನಿಂತಲ್ಲೇ ಆಕ್ಸಲರೇಟರ್ ಒತ್ತಿದಾಗ ಜೊತೆಗೇ ಏರಿದರೆ ಅದು ಎಂಜಿನ್ನಿನದು.

ಎಂಜಿನ್ ಸದ್ದಿನಲ್ಲಿ ಲಯವೇ ದೊಡ್ಡ ಸುಳಿವು. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟ್ 2 ಸುತ್ತು ತಿರುಗಿದಾಗ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ 1 ಸುತ್ತು ತಿರುಗುತ್ತದೆ. ಹಾಗಾಗಿ ಕ್ಯಾಮ್‌ನ ತಳ್ಳುವಿಕೆಯನ್ನು ವಾಲ್ವ್‌ಗೆ ದಾಟಿಸುವ ಟ್ಯಾಪೆಟ್‌ನ ಟಿಕ್ ಟಿಕ್ ಎಂಜಿನ್ ವೇಗದ ಅರ್ಧಕ್ಕೆ ಕೇಳುತ್ತದೆ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಒಂದೊಂದೇ ಟ್ಯಾಪೆಟ್‌ನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ. ಎಲ್ಲಿ ಸದ್ದು ನಿಲ್ಲುತ್ತದೋ ಅದೇ ಸಡಿಲವಾದದ್ದು. ತಯಾರಕರು ಹೇಳಿದ ಅಳತೆಗಿಂತ ಬಿಗಿ ಮಾಡಬೇಡಿ. ಬಿಗಿಯಾದ ಟ್ಯಾಪೆಟ್ ಮೌನವಾಗಿರುತ್ತದೆ, ಆದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸ್ವಲ್ಪ ಟಿಕ್ ಎನ್ನುವ ಎಂಜಿನ್ನೇ ನನಗೆ ಹೆಚ್ಚು ಸಮಾಧಾನ.

ಇದೇ ಸದ್ದನ್ನು ಹೋಲುವ ಇನ್ನೊಂದಿದೆ: ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಿಂದ ಅನಿಲ ಸೋರುವುದು. ತಣ್ಣಗಿರುವಾಗ ಜೋರಾಗಿದ್ದು, ಲೋಹ ಕಾದು ಹಿಗ್ಗಿದಂತೆ ಕಡಿಮೆಯಾದರೆ, ಸಂದಿಯ ಸುತ್ತ ಕಪ್ಪು ಮಸಿ ಕಂಡರೆ, ಟ್ಯಾಪೆಟ್ ಮುಟ್ಟಬೇಕಿಲ್ಲ.

ಎಂಜಿನ್ನಿನ ಕೆಳಭಾಗದಿಂದ ಬರುವ ದಪ್ಪನೆಯ ಟಕ್ ಟಕ್ ನಿಜಕ್ಕೂ ಭಯಪಡಬೇಕಾದದ್ದು. ಆಕ್ಸಲರೇಟರ್‌ನಿಂದ ಕಾಲು ಸಡಿಲಿಸುವ ಕ್ಷಣದಲ್ಲಿ ಅದು ಎದ್ದು ಕೇಳಿದರೆ, ಜೊತೆಗೆ ಆಯಿಲ್ ಒತ್ತಡವೂ ಇಳಿದಿದ್ದರೆ, ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಕ್ರ್ಯಾಂಕ್ ಶಾಫ್ಟ್‌ಗೆ ಸೇರುವಲ್ಲಿರುವುದು) ಸವೆದಿರಬಹುದು. ಎಂಜಿನ್ ಆರಿಸಿ, ಒಂದು ಪ್ಲಗ್‌ನ ವಯರ್ ತೆಗೆದು ಅದರ ತುದಿಯನ್ನು ಲೋಹಕ್ಕೆ ತಾಗಿಸಿ ಕಟ್ಟಿ, ಕೆಲವೇ ಕ್ಷಣ ಚಾಲೂ ಮಾಡಿ. ಸದ್ದು ಕುಗ್ಗಿದರೆ ತೊಂದರೆ ಆ ಸಿಲಿಂಡರಿನದು. ಆಮೇಲೆ ಗಾಡಿಯನ್ನು ಓಡಿಸಬೇಡಿ, ಎಳೆಸಿಕೊಂಡು ಹೋಗಿ. ಬೇರಿಂಗ್ ಬದಲಿಸುವಲ್ಲಿ ಮುಗಿಯಬಹುದಾದ ಕೆಲಸ ಮುರಿದ ಕನೆಕ್ಟಿಂಗ್ ರಾಡ್‌ನವರೆಗೆ ಹೋದರೆ ಆ ಎಂಜಿನ್ ಬ್ಲಾಕ್‌ಗೆ ಬದಲಿ ಸಿಗುವುದು ಕಷ್ಟ.

ಮುಂಭಾಗದ ಕಿರುಗುಟ್ಟುವಿಕೆಗೆ ಫ್ಯಾನ್ ಬೆಲ್ಟ್ ಕಳಚಿ ಅರೆನಿಮಿಷ ಓಡಿಸಿದರೆ ಸಾಕು. ಸದ್ದು ಹೋದರೆ ಬೆಲ್ಟ್, ಡೈನಮೋ, ನೀರಿನ ಪಂಪ್ ಈ ಮೂರರಲ್ಲೊಂದು.

ಕ್ಲಚ್ ಒತ್ತಿದಾಗ ಸದ್ದು ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಒತ್ತಿದಾಗ ನಿಂತರೆ ಗೇರ್‌ಬಾಕ್ಸ್. ಕೆಳಗಿನ ಗೇರುಗಳಲ್ಲಿ ಗುಂಯ್ಗುಟ್ಟಿ ಟಾಪ್ ಗೇರಿನಲ್ಲಿ ಅಡಗಿದರೆ ಗೇರ್‌ಬಾಕ್ಸ್‌ನೊಳಗಿನ ಪಕ್ಕದ ದಂಡವಾದ ಲೇ ಶಾಫ್ಟ್ ಮೇಲೆ ಸಂಶಯಪಡಿ. ಟಾಪ್ ಗೇರಿನಲ್ಲಿ ಎಂಜಿನ್ನಿನ ತಿರುಗುವಿಕೆ ಲೇ ಶಾಫ್ಟ್ ಬಳಸದೆ ನೇರವಾಗಿ ದಾಟುವ ಗೇರ್‌ಬಾಕ್ಸ್‌ಗಳಲ್ಲಿ ಆಗ ಅದರ ಮೇಲೆ ಭಾರ ಬೀಳುವುದಿಲ್ಲ.

ಎಡಕ್ಕೆ ತಿರುಗುವಾಗ ಗುಂಯ್ ಸದ್ದು ಹೆಚ್ಚಾದರೆ ಭಾರ ಬೀಳುವ ಬಲಗಡೆಯ ಚಕ್ರದ ಬೇರಿಂಗ್ ಪರೀಕ್ಷಿಸಿ. ಮುಂದಿನ ಚಕ್ರವಾದರೆ ಜ್ಯಾಕ್‌ನಿಂದ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಅಲುಗಿದರೆ, ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೊಮ್ಮೆ ಅಲುಗಾಡಿಸಿ. ಆಗ ಅಲುಗಾಟ ನಿಂತರೆ ಬೇರಿಂಗ್, ಹಾಗೆಯೇ ಉಳಿದರೆ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಕೀಲು.