ಗೌರಿ ಹಬ್ಬದ ದುಡ್ಡು

ಸುಗ್ಗಿಯಲ್ಲಿ ಕಾಫಿಗೆ ಒಳ್ಳೆ ಬೆಲೆ ಕೊಟ್ಟರೆ ಸಾಕು ಎಂದುಕೊಂಡೇ ನಾನು ಮೊದಲ ಸಲ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದದ್ದು. ಡಿಸೆಂಬರ್ ತಿಂಗಳು. ಕಾಡುಮರಗಳ ನೆರಳಲ್ಲಿ ಕಾಫಿ ಕೆಂಪಗೆ ಹಣ್ಣಾಗಿತ್ತು. ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಹೆಣ್ಣುಮಕ್ಕಳು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೀಳುತ್ತಿದ್ದರು. ಪೇಟೆಗಿಂತ ಹೆಚ್ಚು ಕೊಡುತ್ತೇನೆ, ನನಗೆ ಕೊಡಿ ಅಂದೆ. ಹಿರಿಯಕ್ಕ ಒಬ್ಬರು ಕೈ ನಿಲ್ಲಿಸದೆ ಹೇಳಿದರು: "ಇದು ನಮ್ದಲ್ಲ ಕನವ್ವ. ಗೌರಿ ಹಬ್ಬದಲ್ಲೇ ಮಾರಾಯ್ತು."

ಬೆಟ್ಟದ ರಂಗನಾಥನನ್ನೇ ಭಾವ ಎಂದು ಕರೆಯುವ ಜನ ಇವರು. ತಮ್ಮ ಕುಲದ ಹುಡುಗಿಯನ್ನು ಮದುವೆಯಾದವನಲ್ಲವೇ ಅವನು! ಹೊಸಬಳಾದ ನನ್ನನ್ನೂ ಮೊದಲ ದಿನವೇ ಅವ್ವ ಅಂದರು. ಆದರೆ ಕಾಫಿ ಮಾತ್ರ ಸಿಗಲಿಲ್ಲ. ಮಳೆಗಾಲದಲ್ಲಿ ಕೂಲಿ ಇರುವುದಿಲ್ಲ, ಮಕ್ಕಳ ಶಾಲೆ, ಹಬ್ಬ, ಕಾಯಿಲೆ ಎಲ್ಲ ಅದೇ ಹೊತ್ತಿಗೆ ಬರುತ್ತವೆ. ಆಗ ವ್ಯಾಪಾರಿ ಬಂದು ಮುಂಗಡ ಕೊಟ್ಟು, ಕಾಯಿ ಹಸಿರಾಗಿರುವಾಗಲೇ ಬೆಲೆ ಕಟ್ಟಿ ಹೋಗುತ್ತಾನೆ. ಡಿಸೆಂಬರಿನಲ್ಲಿ ನನ್ನಂಥವಳು ಎಷ್ಟು ಕೊಡುತ್ತೇನೆ ಅಂದರೂ ಪ್ರಯೋಜನವಿಲ್ಲ.

ನಾನು ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು, ಹೆಚ್ಚಿನ ಕಾಲ ಬೆಳೆಸಾಲದ ಮೇಜಿನಲ್ಲೇ. ಇವರಿಗೆ ಸಾಲ ಯಾಕೆ ಸಿಗುವುದಿಲ್ಲ ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಇವರು ಉಳುವ ಕಾಡಿನ ಜಮೀನಿನ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿರಬೇಕು. ಆ ಜಮೀನು ಮಕ್ಕಳಿಗೆ ಬರುತ್ತದೆ, ಆದರೆ ಮಾರುವಂತಿಲ್ಲ. ಮಾರುವಂತಿಲ್ಲ ಎಂಬುದರಿಂದಲೇ ಅದು ಇವರ ಕೈತಪ್ಪದೆ ಉಳಿದಿದೆ. ಆದರೆ ಸಾಲದ ಮೇಜಿನಲ್ಲಿ ನಾವು ಕೇಳುತ್ತಿದ್ದದ್ದು ಅಡಮಾನ, ಮಾರಲಾಗದ್ದನ್ನು ಅಡ ಇಡುವುದು ಹೇಗೆ? 'ಪಹಣಿ ತನ್ನಿ' ಎಂದು ಇಂಥ ಅರ್ಜಿಗಳನ್ನು ನಾನೇ ವಾಪಸು ಕಳಿಸಿದ್ದೇನೆ. ಆ ದಿನ ಕಾಫಿ ಗಿಡದ ಕೆಳಗೆ ನಿಂತಾಗ ಅದು ನೆನಪಾಗಿ ಮನಸ್ಸಿಗೆ ತುಂಬ ನೋವಾಯಿತು. ಕಾಡಿನ ಜೇನು, ನೆಲ್ಲಿಕಾಯಿ, ಪಾಸೆ (ಕಲ್ಲುಹೂವು) ಸಂಗ್ರಹಿಸುವ ಸಮುದಾಯದ ಹಕ್ಕನ್ನು 2011ರಲ್ಲಿ ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲೇ ಮೊದಲು ಪಡೆದವರು ಇವರು. ಅಷ್ಟು ವರ್ಷ ಹೋರಾಡಿ ಗೆದ್ದವರು ಹಬ್ಬದ ಖರ್ಚಿಗೆ ಬೆಳೆಯನ್ನೇ ಬಿಟ್ಟುಕೊಡಬೇಕೆ?

ಬೆಂಗಳೂರಿಗೆ ಬಂದು ಹನುಮಂತನಗರದ ನಮ್ಮ ಬೀದಿಯಲ್ಲಿ, ಬೆಳಗಿನ ವಾಕಿಂಗಿನ ಗೆಳತಿಯರಲ್ಲಿ ಮಾತಾಡಿದೆ. ಶ್ರಾವಣದಲ್ಲಿ 2,000 ರೂಪಾಯಿ ಕೊಡಿ, ಶಿವರಾತ್ರಿ ಹೊತ್ತಿಗೆ ಕಾಫಿಪುಡಿ, ಕಾಳುಮೆಣಸು ನಿಮ್ಮ ಮನೆಗೆ ಬರುತ್ತದೆ. ಆನೆಯೋ ಹಂದಿಯೋ ನುಗ್ಗಿ ಬೆಳೆ ಹಾಳಾದರೆ ನಷ್ಟ ನಮ್ಮೆಲ್ಲರದ್ದು. ಈ ಕೊನೆಯ ಮಾತನ್ನು ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಂಡೆ, ಆಮೇಲೆ ಮನಸ್ತಾಪ ಆಗಬಾರದು ಎಂದು. ಹದಿನೆಂಟು ಮನೆಯವರು ಒಪ್ಪಿದರು, 36,000 ರೂಪಾಯಿ ಸೇರಿತು. ಬೆಲೆ ಜಾಸ್ತಿಯಾಯಿತಲ್ಲ ಎಂದವರಿಗೆ ಲೆಕ್ಕ ತೋರಿಸಿದೆ: ಸುಮಾರು ಆರು ಕಿಲೋ ಹಣ್ಣು ಕಿತ್ತರೆ ಒಂದು ಕಿಲೋ ಬೀಜ, ಹುರಿದರೆ ಅದರಲ್ಲೂ ಆರನೇ ಒಂದು ಪಾಲು ತೂಕ ಇಳಿಯುತ್ತದೆ. ಆರು ಕಿಲೋ ಹಣ್ಣನ್ನು ಒಂದೊಂದಾಗಿ ಬೆರಳಲ್ಲೇ ಬಿಡಿಸಬೇಕು.

ಮೊದಲ ವರ್ಷ ಎರಡು ತಪ್ಪಾಯಿತು. ಹಣವನ್ನು ಒಂದೇ ಸಲ, ಮನೆಯಲ್ಲಿ ಯಾರ ಪಾಸ್‌ಬುಕ್ ಸಿಕ್ಕಿತೋ ಅದಕ್ಕೆ ಹಾಕಿದೆ. ಹೆಚ್ಚಿನವು ಗಂಡಸರವು. ದುಡ್ಡು ಹಳೆ ಬಾಕಿಗೆ ಹೋಯಿತು, ಕೊಯ್ಲಿಗೆ ಮತ್ತೆ ಕೈ ಖಾಲಿ. ಮರುವರ್ಷ ಹೆಂಗಸರೇ ಕೂತು ಮಾತಾಡಿ ತೀರ್ಮಾನ ಹೇಳಿದರು: ನಮ್ಮ ಖಾತೆಗೇ ಬರಲಿ, ಮೂರು ಕಂತಾಗಿ ಬರಲಿ. ಹಬ್ಬಕ್ಕೆ ಮೊದಲು ಒಂದು, ಕೊಯ್ಲು ಶುರುವಾದಾಗ ಒಂದು, ತೂಕ ಹಾಕಿದ ದಿನ ಉಳಿದದ್ದು. ಇಷ್ಟು ವರ್ಷ ಸಾಲದ ಕಂತು ಬರೆದ ನನಗೆ ಇದು ಹೊಳೆದಿರಲಿಲ್ಲ.

ಎರಡನೆಯದು ನನ್ನ ಅವಸರ. ಪೂರ್ತಿ ಒಣಗುವ ಮೊದಲೇ ಎರಡು ಮೂಟೆ ಕಾರಿಗೆ ಹಾಕಿಕೊಂಡು ಬಂದೆ. ಕೊಳ್ಳೇಗಾಲ, ಮಳವಳ್ಳಿ, ಕನಕಪುರ ದಾಟಿ ಸುಮಾರು 180 ಕಿಲೋಮೀಟರ್. ವಾರ ಬಿಟ್ಟು ಮೂಟೆ ಬಿಚ್ಚಿದರೆ ಮುಗ್ಗಲು ವಾಸನೆ. ಆ ಕಾಫಿ ಯಾರಿಗೂ ಕೊಡಲಿಲ್ಲ, ಅದರ ದುಡ್ಡು ನಾನೇ ಭರಿಸಿದೆ. ಅರೇಬಿಕಾ ಜಾತಿಯ ಕಾಫಿ ಹಣ್ಣನ್ನು ಹಾಗೇ ಒಣಗಿಸುವಾಗ ತೇವ ನೂರಕ್ಕೆ ಹನ್ನೆರಡಕ್ಕೆ ಇಳಿಯಬೇಕು. ಅದಕ್ಕೆ ಎರಡು ವಾರವಾದರೂ ಬಿಸಿಲು ಬೇಕು. ತೇವ ಅಳೆಯುವ ಯಂತ್ರ ಕೊಳ್ಳೋಣವೆ ಎಂದು ಕೇಳಿದಾಗ ಹಿರಿಯಕ್ಕ ಏನೂ ಹೇಳದೆ, ಟಾರ್ಪಾಲಿನ ಮೇಲಿನಿಂದ ಒಂದು ಹಿಡಿ ತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ. ಅಂಚಿನಿಂದ ಇನ್ನೊಂದು ಹಿಡಿ. ಸಿಪ್ಪೆಯೊಳಗೆ ಬೀಜ ಗಲಗಲ ಅಂದಿತು. "ಮಾತಾಡದ್ನ ಮೂಟೆಗ್ ಹಾಕು, ಮಾತಾಡ್ದೆ ಇರದ್ನ ಬುಡು," ಅಂದರು. ಈಗ ಪ್ರತಿ ಮೂಟೆಗೂ ಮೇಲಿಂದ, ನಡುವಿಂದ, ತಳದಿಂದ ಮೂರು ಹಿಡಿ ಕಿವಿಗಿಟ್ಟು ನೋಡಿಯೇ ಬಾಯಿ ಹೊಲಿಯುವುದು. ಯಂತ್ರವನ್ನೂ ಆಮೇಲೆ ಕೊಂಡೆವು. ಅದರ ಅಂಕಿಗೂ ಅವರ ಕಿವಿಗೂ ಹೆಚ್ಚು ವ್ಯತ್ಯಾಸ ಬಂದಿಲ್ಲ.

ತೂಕ ಪೋಡಿನ, ಅಂದರೆ ಸೋಲಿಗರ ಹಾಡಿಯ, ಅಂಗಳದಲ್ಲೇ ಹಾಕುತ್ತೇವೆ. ಅವರ ಪುಸ್ತಕದಲ್ಲಿ ಅವರು ಬರೆಯುತ್ತಾರೆ, ನನ್ನದರಲ್ಲಿ ನಾನು. ಆರು ವರ್ಷದಲ್ಲಿ ಹದಿನೆಂಟು ಮನೆ ಅರವತ್ತನಾಲ್ಕಾಗಿದೆ, ಅಲ್ಲಿ ಏಳು ಹೆಂಗಸರಿದ್ದವರು ಮೂವತ್ತೊಂದು ಜನ. ಎಲ್ಲರೂ ವ್ಯಾಪಾರಿಯ ಮುಂಗಡ ಬಿಟ್ಟಿಲ್ಲ. ಆಸ್ಪತ್ರೆ ಖರ್ಚು ಬಂದಾಗ ರಾತ್ರೋರಾತ್ರಿ ಕೊಡುವವನು ಅವನೇ. ಅದಕ್ಕೆಂದು ಹೋದ ವರ್ಷದಿಂದ ಪ್ರತಿ ಮನೆಯ 2,000ದಲ್ಲಿ ನೂರು ರೂಪಾಯಿ ಬೇರೆ ತೆಗೆದು ಅವರ ಸಂಘದ ಖಾತೆಯಲ್ಲಿಟ್ಟಿದ್ದೇವೆ. ಯಾರಿಗೆ, ಯಾವಾಗ ಎನ್ನುವುದು ಅವರದ್ದೇ ನಿರ್ಧಾರ. ಆ ಮೊತ್ತ ಇನ್ನೂ ಸಾಲದು.

ಈ ಶ್ರಾವಣದ ಕಂತು ಹೋದ ವಾರ ಕಳಿಸಿದೆ. ಸಂಜೆ ಹಿರಿಯಕ್ಕನ ಫೋನ್ ಬಂತು. "ದುಡ್ ಬಂತು ಕನವ್ವ. ಕಾಯಿ ಚೆನ್ನಾಗ್ ಕಚ್ಚವೆ. ಕೆಳಗ್ಲ ಪೋಡಿಗೆ ಮಾತ್ರ ಆನೆ ಬಂದು ನಾಕ್ ಸಾಲು ತುಳ್ದದ," ಅಂದರು. ಯಾರ ಸಾಲು ಎಂದು ಕೇಳಿ ಬರೆದುಕೊಂಡೆ.